ಇಂಗ್ಲಿಷ್ ಕೇಳೋದು, ಬರೆಯೋದು: ರೇಡಿಯೋ, ಆ್ಯಪ್, ಕ್ಲಾಸು, ಡೈರಿ, ನಮ್ಮ ಕಡೆಯವ್ರು ಯಾವ್ದು ಹಿಡಿಬೇಕು

ಮೊನ್ನೆ ಪಕ್ಕದ ಮನೆ ಹುಡುಗಿ ಬಂದಿದ್ಲು, ಶಿರಸಿಯಲ್ಲೇ ಡಿಗ್ರಿ ಎರಡನೇ ವರ್ಷ. ಬಾಗಿಲಲ್ಲೇ ನಿಂತ್ಕೊಂಡು ಕೇಳಿದ್ಲು, ಅಕ್ಕಾ ನಂಗೆ ಇಂಗ್ಲಿಷ್ ಓದಿದ್ರೆ ಅರ್ಥ ಆಗ್ತದೆ, ಆದ್ರೆ ಯಾರಾದ್ರೂ ಮಾತಾಡಿದ್ರೆ ಅರ್ಧಕ್ಕರ್ಧ ಹಾರಿ ಹೋಗ್ತದೆ, ಬರಿಲಿಕ್ಕೆ ಕೂತ್ರೆ ಮೂರನೇ ಸಾಲಿಗೇ ಕೈ ನಿಂತುಬಿಡ್ತದೆ, ಹುಬ್ಬಳ್ಳಿಗೆ ಹೋಗಿ ಕ್ಲಾಸ್ ಸೇರ್ಲಾ ಇಲ್ಲಾ ದುಡ್ಡು ಕೊಟ್ಟು ಆ್ಯಪ್ ತಗೊಳ್ಲಾ ಅಂತ. ಇದೇ ಪ್ರಶ್ನೆ ಕುಮಟಾದಿಂದ, ಅಂಕೋಲಾದಿಂದ, ಕಾರವಾರದಿಂದ ಎಷ್ಟೋ ಜನ ಕೇಳಿದ್ದಾರೆ. ನಾನೂ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂನಲ್ಲೇ ಕಲ್ತವಳು, ಕಾರವಾರದಲ್ಲಿ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಫೋನಲ್ಲಿ ಬರೋ ಇಂಗ್ಲಿಷ್ ಅರ್ಥ ಆಗದೆ ಪ್ರತಿ ಸಲ ರಿಸೀವರ್ ಪಕ್ಕದವರ ಕೈಗೆ ಕೊಡ್ತಿದ್ದೆ, ಆ ಸಂಕಟ ಎಂತದ್ದು ಅಂತ ಗೊತ್ತು. ಹಂಗಾಗಿ ಒಂದೊಂದೇ ದಾರಿ ಎದುರುಬದುರು ಇಟ್ಟು ಹೇಳ್ತೇನೆ, ಯಾವ್ದು ಯಾರಿಗೆ ಆಗ್ತದೆ, ಯಾವ್ದಕ್ಕೆ ದುಡ್ಡು ಹಾಕೋದು ಬೇಡ ಅಂತ.

ಮೊದ್ಲು ತೊಂದ್ರೆ ಎಲ್ಲಿದೆ ನೋಡ್ಕೊಳ್ಳಿ

ಏನೇ ಆರಿಸೋ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನವರ ಸಿಕ್ಸ್ ಮಿನಿಟ್ ಇಂಗ್ಲಿಷ್ ಅಂತ ಒಂದು ಕಾರ್ಯಕ್ರಮ ಇದೆ, ವಾರಕ್ಕೊಂದು ಬರ್ತದೆ, ಪುಕ್ಕಟೆ, ಇಬ್ಬರು ಮಾತಾಡೋ ಆರು ನಿಮಿಷದ ಆಡಿಯೋ, ಜೊತೆಗೆ ಅವ್ರು ಆಡಿದ ಮಾತು ಪೂರ್ತಿ ಬರಹದಲ್ಲೂ ಇರ್ತದೆ. ಬರಹ ನೋಡದೆ ಎರಡು ನಿಮಿಷ ಕೇಳಿ, ಎಷ್ಟು ತಿಳೀತು ಅಂತ ಕನ್ನಡದಲ್ಲೇ ಒಂದು ಚೀಟಿ ಮೇಲೆ ಬರ್ಕೊಳ್ಳಿ, ಆಮೇಲೆ ಬರಹ ತೆಗೆದು ಓದಿ.

ಓದಿದಾಗ ಅಯ್ಯೋ ಇಷ್ಟೇನಾ, ಇದೆಲ್ಲ ಗೊತ್ತಿರೋ ಶಬ್ದವೇ ಅನ್ನಿಸ್ತಾ, ಹಂಗಾದ್ರೆ ನಿಮ್ಮ ತೊಂದ್ರೆ ಕಿವಿಯದ್ದು. ಓದಿದ್ರೂ ಅರ್ಥ ಆಗ್ಲಿಲ್ವಾ, ಹಂಗಾದ್ರೆ ತೊಂದ್ರೆ ಶಬ್ದಭಂಡಾರದ್ದು, ಕಿವಿಯದ್ದಲ್ಲ, ಇಂಥವ್ರು ಎಷ್ಟು ತಾಸು ಕೇಳಿದ್ರೂ ಪ್ರಯೋಜನ ಕಮ್ಮಿ, ಮೊದ್ಲು ಸುಲಭದ್ದು ಓದ್ಬೇಕು. ಈ ಎರಡಕ್ಕೂ ಮದ್ದು ಬೇರೆ ಬೇರೆ. ಜ್ವರಕ್ಕೆ ಕೊಡೋ ಕಷಾಯವನ್ನೇ ಹೊಟ್ಟೆನೋವಿಗೂ ಕೊಟ್ಟ ಹಾಗೆ ಎಲ್ಲರಿಗೂ ಒಂದೇ ಆ್ಯಪ್ ಹೇಳೋದು ಸರಿಯಲ್ಲ.

ನಮ್ಮ ಕಡೆ ಕನ್ನಡ ಮೀಡಿಯಂನಲ್ಲಿ ಓದಿದವ್ರಲ್ಲಿ ನಾನು ನೋಡಿದ ಮಟ್ಟಿಗೆ ಹೆಚ್ಚಿನವ್ರದ್ದು ಕಿವಿ ತೊಂದ್ರೆ, ಅದಕ್ಕೆ ಕಾರಣನೂ ಇದೆ. ಕನ್ನಡದಲ್ಲಿ ಬರೆದ ಪ್ರತಿ ಅಕ್ಷರಕ್ಕೂ ಅದರದ್ದೇ ಸಮಯ ಸಿಗ್ತದೆ, ಕೊಂಕಣಿ ಮಾತಾಡೋರಿಗೂ ಹೆಚ್ಚುಕಮ್ಮಿ ಅದೇ ಅಭ್ಯಾಸ. ಇಂಗ್ಲಿಷ್ ಹಂಗಲ್ಲ, ವಾಕ್ಯದಲ್ಲಿ ನಾಲ್ಕೈದು ಮುಖ್ಯ ಶಬ್ದಕ್ಕೆ ಒತ್ತು ಕೊಟ್ಟು ಉಳಿದದ್ದನ್ನ ನುಂಗ್ತಾರೆ. ಕಂಫರ್ಟಬಲ್ ಅಂತ ನಾವು ಬಿಡಿಸಿ ಹೇಳೋದು ಅವರ ಬಾಯಲ್ಲಿ ಕಂಫ್‌ಟಬಲ್, ವೆಜಿಟೇಬಲ್ ಅನ್ನೋದು ವೆಜ್‌ಟಬಲ್, ವಾಟ್ ಡು ಯು ವಾಂಟ್ ಟು ಡು ಅನ್ನೋದು ವಾಡ್ಯ ವಾನ ಡೂ. ಕ್ಯಾನ್ ಅನ್ನೋದು ವಾಕ್ಯದ ಮಧ್ಯ ಬಂದಾಗ ಬರೀ ಕನ್, ಎಷ್ಟೋ ಸಲ ಕ್ನ್ ಅಷ್ಟೇ. ನಾವು ಶಾಲೆಯಲ್ಲಿ ಸ್ಪೆಲಿಂಗ್ ನೋಡಿ ಕಲ್ತಿದ್ದು, ಅದಕ್ಕೆ ತಲೆಯಲ್ಲಿ ಇರೋ ಶಬ್ದವೇ ಬೇರೆ, ಕಿವಿಗೆ ಬೀಳೋ ಶಬ್ದವೇ ಬೇರೆ, ಎರಡೂ ಒಂದೇ ಅಂತ ಗುರ್ತು ಸಿಗೋದಿಲ್ಲ.

ಕೇಳಲಿಕ್ಕೆ ಯಾವ್ದು

ಆಕಾಶವಾಣಿ ಇಂಗ್ಲಿಷ್ ವಾರ್ತೆಯಿಂದ ಶುರು ಮಾಡ್ತೇನೆ, ಯಾಕಂದ್ರೆ ನಮ್ಮ ಮನೆಯಲ್ಲಿ ಅದೇ ಇತ್ತು. ರಾತ್ರಿ 9 ಗಂಟೆಯ ಹದಿನೈದು ನಿಮಿಷದ ಬುಲೆಟಿನ್, ಈಗ ಮೊಬೈಲ್ ಆ್ಯಪ್‌ನಲ್ಲೂ ಸಿಗ್ತದೆ. ಒಳ್ಳೆ ಗುಣ ಎಂತ ಅಂದ್ರೆ ಉಚ್ಚಾರ ನಮ್ಮ ದೇಶದ್ದು, ಒಬ್ಬರೇ ಓದೋದು, ಗಡಿಬಿಡಿ ಇಲ್ಲ, ಮತ್ತೆ ಅದೇ ಸುದ್ದಿ ಕನ್ನಡ ವಾರ್ತೆಯಲ್ಲಿ ಮೊದ್ಲೇ ಕೇಳಿಕೊಂಡಿದ್ರೆ ಇಂಗ್ಲಿಷಲ್ಲಿ ಎಂತ ಬರ್ತದೆ ಅಂತ ಅಂದಾಜು ಇರ್ತದೆ. ಈ ಅಂದಾಜು ಭಾರೀ ದೊಡ್ಡದು. ಶಿರವಾಡದ ಕಾರವಾರ ರೈಲ್ವೆ ಸ್ಟೇಷನ್ನಲ್ಲಿ ಇಂಗ್ಲಿಷ್ ಅನೌನ್ಸ್‌ಮೆಂಟ್ ಎಲ್ಲರಿಗೂ ಅರ್ಥ ಆಗ್ತದೆ ನೋಡಿ, ಅದು ಸುಲಭ ಇಂಗ್ಲಿಷ್ ಅಂತಲ್ಲ, ಮುಂದೆ ಬರೋದು ಟ್ರೈನ್ ನಂಬರ್, ಊರ ಹೆಸರು, ಪ್ಲಾಟ್‌ಫಾರಂ ಅಂತ ಮೊದ್ಲೇ ಗೊತ್ತಿರ್ತದೆ ಅಂತ. ಆದ್ರೆ ವಾರ್ತೆಯದ್ದು ಓದೋ ಭಾಷೆ, ಯಾರೂ ಮನೆಯಲ್ಲಿ ಆಫೀಸಲ್ಲಿ ಹಂಗೆ ಮಾತಾಡೋದಿಲ್ಲ. ಭಯ ಬಿಡ್ಲಿಕ್ಕೆ ಎರಡು ತಿಂಗಳು ಸಾಕು, ಅದನ್ನೇ ವರ್ಷಗಟ್ಟಲೆ ಹಿಡ್ಕೊಂಡು ಕೂರ್ಬೇಡಿ.

ಅಮೆರಿಕ ಸರ್ಕಾರದ ದುಡ್ಡಲ್ಲಿ ನಡೆಯೋ ರೇಡಿಯೋ ವಾಯ್ಸ್ ಆಫ್ ಅಮೆರಿಕದವ್ರು 1959ರ ಅಕ್ಟೋಬರ್‌ನಲ್ಲಿ ಸ್ಪೆಷಲ್ ಇಂಗ್ಲಿಷ್ ಅಂತ ಶುರು ಮಾಡಿದ್ರು, ಸುಮಾರು 1500 ಶಬ್ದದ ಒಳಗೇ ಸುದ್ದಿ ಬರೆಯೋದು, ಸಣ್ಣ ಸಣ್ಣ ವಾಕ್ಯ, ಓದೋ ವೇಗನೂ ಮಾಮೂಲಿಗಿಂತ ಕಮ್ಮಿ. ಶಬ್ದಭಂಡಾರದ ತೊಂದ್ರೆ ಇದ್ದವ್ರಿಗೆ ಇದಕ್ಕಿಂತ ಒಳ್ಳೆ ಮೊದಲ ಮೆಟ್ಟಿಲು ನಂಗೆ ಕಂಡಿಲ್ಲ. 2025ರ ಮಾರ್ಚ್‌ನಲ್ಲಿ ಸರ್ಕಾರದ ಆದೇಶದಿಂದ ಆ ಸಂಸ್ಥೆಗೇ ದೊಡ್ಡ ಪೆಟ್ಟು ಬಿತ್ತು, ಹೆಚ್ಚಿನ ಕೆಲಸ ನಿಂತುಹೋಯ್ತು, ಅದಕ್ಕೆ ಹೊಸದಕ್ಕೆ ಕಾಯದೆ ಹಳೇ ಆಡಿಯೋ ಮತ್ತು ಬರಹ ಸಿಕ್ಕಿದಷ್ಟು ಇಳಿಸಿ ಇಟ್ಕೊಳ್ಳಿ. ಆದ್ರೆ ನಿಧಾನದ ಇಂಗ್ಲಿಷಲ್ಲಿ ಆ ನುಂಗೋದು ಕಮ್ಮಿ ಇರ್ತದೆ, ಅಂದ್ರೆ ಕಿವಿ ತೊಂದ್ರೆ ಇದ್ದವ್ರಿಗೆ ಯಾವ್ದು ಬೇಕೋ ಅದೇ ಇದ್ರಲ್ಲಿ ಇಲ್ಲ. ಅಂಥವ್ರಿಗೆ ಬಿಬಿಸಿಯ ಆರು ನಿಮಿಷವೇ ಸರಿ, ಅಲ್ಲಿ ಇಬ್ಬರು ಮಾತಾಡ್ತಾರೆ, ವೇಗ ಸಹಜಕ್ಕೆ ಹತ್ರ, ತಪ್ಪು ನೋಡ್ಕೊಳ್ಲಿಕ್ಕೆ ಬರಹ ಇದೆ. ಯೂಟ್ಯೂಬಲ್ಲಿ ವೇಗ 0.75 ಮಾಡಿ ಕೇಳಿದ್ರೆ ಆಗ್ತದಾ ಅಂತ ಕೇಳ್ತಾರೆ. ಸ್ವಲ್ಪ ಆಗ್ತದೆ, ಆದ್ರೆ ವಾಡ್ಯ ಅಂತ ನುಂಗಿದ್ದನ್ನ ನಿಧಾನ ಮಾಡಿದ್ರೆ ನಿಧಾನದ ವಾಡ್ಯ ಬರ್ತದೆಯೇ ಹೊರತು ವಾಟ್ ಡು ಯು ಬರೋದಿಲ್ಲ, ನುಂಗಿದ್ದು ನುಂಗಿದ್ದೇ.

ಸಿನೆಮಾ, ಸೀರಿಯಲ್ಲು ನೋಡಿದ್ರೆ ಇಂಗ್ಲಿಷ್ ಬರ್ತದೆ ಅಂತ ಎಲ್ಲರೂ ಹೇಳ್ತಾರೆ. ಕನ್ನಡ ಸಬ್‌ಟೈಟಲ್ ಹಾಕಿ ನೋಡಿದ್ರೆ ಕಣ್ಣು ಕನ್ನಡ ಓದ್ತದೆ, ಕಿವಿ ಮಲಗ್ತದೆ, ಕಥೆ ಗೊತ್ತಾಗ್ತದೆ ಅಷ್ಟೇ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದ್ರೆ ಲಾಭ ಇದೆ, ಕೇಳಿದ ಸದ್ದು ಯಾವ ಶಬ್ದದ್ದು ಅಂತ ಅಲ್ಲೇ ಜೋಡಣೆ ಆಗ್ತದೆ. ಆದ್ರೆ ಎರಡು ತಾಸಿನ ಸಿನೆಮಾ ಒಮ್ಮೆ ನೋಡೋದಕ್ಕಿಂತ ಅದರ ಮೂರು ನಿಮಿಷದ ಒಂದು ದೃಶ್ಯ ಐದು ಸಲ, ಮೊದ್ಲು ಸಬ್‌ಟೈಟಲ್ ಇಲ್ದೆ, ಮತ್ತೆ ಹಾಕಿ, ಮತ್ತೆ ತೆಗೆದು ನೋಡೋದು ಮೇಲು. ಯೂಟ್ಯೂಬ್ ತಾನೇ ಹಾಕೋ ಸಬ್‌ಟೈಟಲ್ ಪೂರ್ತಿ ನಂಬ್ಬೇಡಿ, ಊರ ಹೆಸರು, ಮನುಷ್ಯರ ಹೆಸರು ಬಂದ್ರೆ ಎಂತೆಂತದೋ ಬರೀತದೆ, ಟೆಡ್ ಭಾಷಣಗಳಿಗೆ ಮನುಷ್ಯರು ನೋಡಿ ಹಾಕಿದ ಬರಹ ಇರ್ತದೆ, ಅದು ವಾಸಿ. ಕ್ರಿಕೆಟ್ ಕಾಮೆಂಟರಿ ಇಷ್ಟಪಡೋ ಹುಡುಗರು ಅದನ್ನೇ ಕೇಳಿ, ಆಟ ಗೊತ್ತಿದ್ದವ್ರಿಗೆ ಅಂದಾಜು ತಾನಾಗೇ ಇರ್ತದೆ.

ಗೋಕರ್ಣದ್ದು ಹೇಳ್ಲೇಬೇಕು. ಓಂ ಬೀಚ್, ಕುಡ್ಲೆ ಬೀಚ್ ಕಡೆ ಅಂಗಡಿ, ಹೋಂಸ್ಟೇ ಇಟ್ಟ ಮನೆಯ ಹುಡುಗರು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ರೂ ಇಂಗ್ಲಿಷ್ ಕೇಳಿದ ತಕ್ಷಣ ಉತ್ತರ ಕೊಡ್ತಾರೆ, ಡಿಗ್ರಿ ಆದವ್ರು ತಡವರಿಸ್ತಾರೆ. ಎದುರಿಗೆ ಮನುಷ್ಯ ಇದ್ರೆ ಅರ್ಥ ಆಗದಿದ್ದಾಗ ಇನ್ನೊಂದ್ಸಲ ಹೇಳಿ ಅನ್ಬಹುದು, ಮುಖ ಕೈ ನೋಡಿ ತಿಳ್ಕೊಬಹುದು, ಅದು ಯಾವ ಆ್ಯಪಲ್ಲೂ ಇಲ್ಲ. ಆದ್ರೆ ಅಲ್ಲಿಗೆ ಬರೋರಲ್ಲಿ ಇಸ್ರೇಲ್‌ನವ್ರು, ರಷ್ಯಾದವ್ರು, ಯುರೋಪಿನ ಬೇರೆ ಬೇರೆ ದೇಶದವ್ರು ಬಹಳ, ಅವ್ರಿಗೂ ಇಂಗ್ಲಿಷ್ ಎರಡನೇ ಭಾಷೆ, ಬಿಡಿಸಿ ಬಿಡಿಸಿ ಮಾತಾಡ್ತಾರೆ. ಧೈರ್ಯಕ್ಕೆ ಇದು ಅಮೃತ, ವ್ಯಾಕರಣಕ್ಕೆ ಅಲ್ಲ, ಬರವಣಿಗೆಗಂತೂ ಏನೂ ಸಿಗೋದಿಲ್ಲ. ಮಳೆಗಾಲದಲ್ಲಿ ಬೀಚೇ ಖಾಲಿ, ಪಾಠನೂ ಬಂದ್.

ಬರಿಲಿಕ್ಕೆ ಯಾವ್ದು

ದಿನಾ ಡೈರಿ ಬರೀರಿ ಅಂತ ಮೇಷ್ಟ್ರು ಎಲ್ಲರೂ ಹೇಳ್ತಾರೆ. ನಾನು ಮೂರು ವರ್ಷ ಬರೆದೆ. ಕೈ ಓಡಲಿಕ್ಕೆ ಕಲೀತು ನಿಜ, ಖಾಲಿ ಹಾಳೆ ನೋಡಿ ಹೆದರೋದು ಹೋಯ್ತು, ಅದು ಸಣ್ಣ ಲಾಭ ಅಲ್ಲ. ಆದ್ರೆ ಮೂರನೇ ವರ್ಷದ ಡೈರಿಯಲ್ಲೂ ಮೊದಲನೇ ವರ್ಷದ ತಪ್ಪುಗಳೇ ಇದ್ವು, ಇನ್ನೂ ಗಟ್ಟಿಯಾಗಿ ಕೂತಿದ್ವು. ಯಾರೂ ತಿದ್ದದ ಡೈರಿ ತಪ್ಪನ್ನೇ ಅಭ್ಯಾಸ ಮಾಡಿಸ್ತದೆ.

ನಮ್ಮ ತಪ್ಪುಗಳೂ ಹಂಗೇ ಎಲ್ಲಿಂದಲೋ ಬಂದದ್ದಲ್ಲ, ಕನ್ನಡದಿಂದ ಬಂದದ್ದು. ಇವತ್ತೇ ಬರ್ತೇನೆ ಅನ್ನೋದ್ರಲ್ಲಿನ ಏಕಾರ ಇಂಗ್ಲಿಷಿಗೆ ಹೋಗಿ ಟುಡೇ ಇಟ್ಸೆಲ್ಫ್ ಆಗ್ತದೆ, ಇಲ್ಲೇ ಇದ್ದೇನೆ ಅನ್ನೋದು ಹಿಯರ್ ಓನ್ಲಿ ಆಗ್ತದೆ. ಅಂತ ಹೇಳಿದ ಅನ್ನೋದನ್ನ ಹಿ ಟೋಲ್ಡ್ ದಟ್ ಅಂತ ಬರೀತೇವೆ, ಟೋಲ್ಡ್ ಬಂದ್ರೆ ಯಾರಿಗೆ ಅಂತ ಬೇಕು, ಹಿ ಟೋಲ್ಡ್ ಮಿ ದಟ್, ಇಲ್ಲಾಂದ್ರೆ ಹಿ ಸೆಡ್ ದಟ್. ಅವ ಎಲ್ಲಿದ್ದಾನೆ ಗೊತ್ತಿಲ್ಲ ಅನ್ನೋದು ಐ ಡೋಂಟ್ ನೋ ವೇರ್ ಈಸ್ ಹಿ ಆಗ್ತದೆ, ಬೇಕಾದ್ದು ವೇರ್ ಹಿ ಈಸ್. ಇಬ್ಬರು ತಮ್ಮಂದಿರು ಇದ್ದಾರೆ ಅನ್ಲಿಕ್ಕೆ ಐ ಆಮ್ ಹ್ಯಾವಿಂಗ್. ಪೇಟೆಗೆ ಹೋಗಿ ಸಾಮಾನು ತಗೊಂಡು ಬಂದು ಅಡಿಗೆ ಮಾಡಿ ಉಂಡು ಮಲಗಿದೆ ಅಂತ ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳ್ತೇವಲ್ಲ, ಅದನ್ನ ಇಂಗ್ಲಿಷಲ್ಲಿ ಆಫ್ಟರ್ ಗೋಯಿಂಗ್ ಆಫ್ಟರ್ ಬ್ರಿಂಗಿಂಗ್ ಆಫ್ಟರ್ ಈಟಿಂಗ್ ಅಂತ ಪೋಣಿಸಿದ್ರೆ ಓದೋರಿಗೆ ದಮ್ಮು ಕಟ್ತದೆ, ಅಲ್ಲಿ ಮೂರು ವಾಕ್ಯ ಮಾಡಿ ಆ್ಯಂಡ್ ಹಾಕೋದೇ ಸಹಜ. ಇನ್ನು ನಮ್ಮ ಅಲ್ಲಿ ಅನ್ನೋ ಒಂದೇ ಪ್ರತ್ಯಯಕ್ಕೆ ಅವ್ರದ್ದು ಇನ್, ಆನ್, ಆ್ಯಟ್ ಅಂತ ಮೂರು. ಬಸ್ಸಲ್ಲಿ ಅಂದ್ರೆ ಆನ್ ದ ಬಸ್, ಕಾರಲ್ಲಿ ಅಂದ್ರೆ ಇನ್ ದ ಕಾರ್, ಬಸ್‌ಸ್ಟಾಪಲ್ಲಿ ಅಂದ್ರೆ ಆ್ಯಟ್ ದ ಬಸ್‌ಸ್ಟಾಪ್. ಇದಕ್ಕೆ ನಿಯಮ ಬಾಯಿಪಾಠ ಮಾಡಿ ಮುಗಿಯೋದಿಲ್ಲ, ಶಬ್ದದ ಜೊತೆಗೇ ಜೋಡಿಯಾಗಿ ಕಲೀಬೇಕು, ತೆಂಗಿನಕಾಯಿ ಜೊತೆ ಜುಟ್ಟು ಬಂದ ಹಾಗೆ.

ಗ್ರಾಮರ್ ಪುಸ್ತಕದ ಬಿಟ್ಟ ಸ್ಥಳ ತುಂಬಿರಿ ಮಾಡಿದ್ರೆ ಇದೆಲ್ಲ ಸರಿಯಾಗ್ತದಾ? ಪುಸ್ತಕದಲ್ಲಿ ಸರಿ ಬರೀತಾರೆ, ಪತ್ರ ಬರಿಲಿಕ್ಕೆ ಕೂತ್ರೆ ಅದೇ ತಪ್ಪು. ತಪ್ಪು ಯಾಕೆ ತಪ್ಪು ಅಂತ ನೋಡ್ಲಿಕ್ಕೆ ಪುಸ್ತಕ ಹತ್ರ ಇರ್ಲಿ, ಮೊದಲ ಪುಟದಿಂದ ಕೊನೆ ತನಕ ಮಾಡೋದು ಬೇಡ.

ಗ್ರಾಮರ್ಲಿ ತರದ್ದು ಮೊಬೈಲಲ್ಲಿ ಹಾಕ್ಕೊಂಡವ್ರು ಬಹಳ ಜನ. ಕೆಂಪು ಗೆರೆ ಬಂತು, ಒತ್ತಿದ್ರು, ಸರಿಯಾಯ್ತು, ಮುಗೀತು. ಆ ಮೇಲ್ ಸರಿಯಾಯ್ತು, ಬರೆದವ್ರು ಇದ್ದಲ್ಲೇ ಇದ್ದಾರೆ. ಚಾಟ್‌ಜಿಪಿಟಿಯದ್ದೂ ಅದೇ ಕಥೆ, ನನ್ನ ಪತ್ರ ಸರಿ ಮಾಡು ಅಂದ್ರೆ ಎಂತ ಚಂದದ ಇಂಗ್ಲಿಷ್ ಬರ್ದು ಕೊಡ್ತದೆ ಅಂದ್ರೆ ಅದು ನೀವು ಬರೆದದ್ದು ಅಂತ ಯಾರೂ ನಂಬೋದಿಲ್ಲ, ನಿಮ್ಗೂ ಅದ್ರಿಂದ ಕಲಿಲಿಕ್ಕೆ ಏನೂ ಉಳಿಯೋದಿಲ್ಲ. ಆದ್ರೆ ಕೇಳೋ ರೀತಿ ಬದಲಿಸಿದ್ರೆ ಇದು ಬಂಗಾರ. ತಿದ್ದಬೇಡ, ತಪ್ಪಿದ್ದ ಸಾಲಿನ ನಂಬರ್ ಮಾತ್ರ ಹೇಳು, ನಾನೇ ಹುಡುಕ್ತೇನೆ ಅಂತ ಕನ್ನಡದಲ್ಲೇ ಕೇಳಿ. ನೀವು ತಿದ್ದಿದ ಮೇಲೆ ಕಾರಣ ಕೇಳಿ, ಅದೂ ಕನ್ನಡದಲ್ಲಿ. ಒಂದೊಂದು ಸಲ ಅದೂ ತಪ್ಪು ಕಾರಣ ಕೊಡ್ತದೆ, ಅನುಮಾನ ಬಂದ್ರೆ ಕೇಂಬ್ರಿಜ್ ಆನ್‌ಲೈನ್ ಡಿಕ್ಷನರಿಯಲ್ಲಿ ಆ ಶಬ್ದದ ಉದಾಹರಣೆ ವಾಕ್ಯ ನೋಡಿ, ಉಚ್ಚಾರನೂ ಅಲ್ಲೇ ಕೇಳಬಹುದು, ದುಡ್ಡಿಲ್ಲ. ಹಳ್ಳಿಯಲ್ಲಿ ಕೂತು ಇಂಗ್ಲಿಷ್ ತಿದ್ದೋರು ಇಲ್ದೆ ಇದ್ದ ನಮ್ಮಂಥವ್ರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೇಳಿದ್ರೆ ಸಾಲದು, ಮೊದ್ಲು ಒಂದು ಪುಟ ತಿದ್ದಿಸ್ಲಿಕ್ಕೆ ಯಾರ್ಯಾರ ಮನೆಗೆ ಅಲೆದಿದ್ದೇನೆ.

ಇನ್ನೊಂದು ಹಳೇ ದಾರಿ ಇದೆ, ಅಮೆರಿಕದ ಹೆಸರಾಂತ ಬರಹಗಾರ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಮಾಡಿದ್ದು. ಒಳ್ಳೆ ಲೇಖನ ಒಂದನ್ನ ಓದೋದು, ಪ್ರತಿ ವಾಕ್ಯದ ಸುಳಿವು ಮಾತ್ರ ಎರಡ್ಮೂರು ಶಬ್ದದಲ್ಲಿ ಬರ್ಕೊಳ್ಳೋದು, ಕೆಲವು ದಿನ ಬಿಟ್ಟು ಆ ಸುಳಿವಿಂದ ಮತ್ತೆ ತಾನೇ ಪೂರ್ತಿ ಬರೆಯೋದು, ಕೊನೆಗೆ ಮೂಲದ ಪಕ್ಕ ಇಟ್ಟು ಎಲ್ಲಿ ತಪ್ಪಿದೆ ನೋಡೋದು. ಅವ್ರದ್ದು ಮಾತೃಭಾಷೆ, ನಮಗೆ ಎರಡನೇ ಭಾಷೆ, ಆದ್ರೂ ಉಪಾಯ ನಡೀತದೆ. ಮೇಷ್ಟ್ರು ಬೇಡ, ನೆಟ್ಟೂ ಬೇಡ, ಮೂಲ ಬರಹವೇ ಮೇಷ್ಟ್ರು. ಮೊದ್ಲಿಗೆ ದೊಡ್ಡ ಸಂಪಾದಕೀಯ ತಗೊಳ್ಬೇಡಿ, ಇಂಗ್ಲಿಷ್ ಪೇಪರ್‌ನ ಆರು ಸಾಲಿನ ಸಣ್ಣ ಸುದ್ದಿ ಸಾಕು.

ಎರಡೂ ಒಟ್ಟಿಗೆ ಬೇಕಾದ್ರೆ

ಈಗ ನಾನು ನಿಜವಾಗಿ ಹೇಳ್ಬೇಕು ಅಂತಿರೋದಕ್ಕೆ ಬಂದೆ. ಕೇಳೋದು ಒಂದು ಕೌಶಲ, ಬರೆಯೋದು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಕ್ಲಾಸು ಅಂತ ಎಲ್ಲರೂ ಬೇರೆ ಮಾಡಿ ಇಡ್ತಾರೆ, ನಾನೂ ಹಂಗೇ ತಿಳಿದಿದ್ದೆ. ಸಂಜೆ ಹುಡುಗರಿಗೆ ಉಕ್ತಲೇಖನ ಕೊಡಲಿಕ್ಕೆ ಶುರು ಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಆಡಿಯೋ ಕೇಳಿ ಬರೆದ ಹಾಳೆಯಲ್ಲಿ ಅವ್ರು ಬಿಟ್ಟ ಶಬ್ದಗಳು ಯಾವ್ದು ಅಂದ್ರೆ, ದ, ಎ, ಆಫ್, ಟು, ಕ್ರಿಯಾಪದದ ಕೊನೆಯ ಸ್, ಭೂತಕಾಲದ ಡ್ ಅಥವಾ ಟ್. ಅದೇ ಹುಡುಗರು ತಾವಾಗಿ ಬರೆದ ಪತ್ರ ತೆಗೆದು ನೋಡಿದ್ರೆ ಅಲ್ಲೂ ಬಿಟ್ಟದ್ದು ಅದೇ. ಐ ವೆಂಟ್ ಟು ಬ್ಯಾಂಕ್, ಶಿ ಗೋ ಟು ಕಾಲೇಜ್, ಯೆಸ್ಟರ್‌ಡೇ ಐ ವಾಕ್ ಟು ಸ್ಟೇಷನ್. ಕಿವಿಗೆ ಬೀಳದ್ದು ಕೈಗೆ ಬರೋದು ಹೇಗೆ? ವಾಕ್ಡ್ ಅಂತ ನಾವು ಓದೋದು ಅವರ ಬಾಯಲ್ಲಿ ವಾಕ್ಟ್, ಪಕ್ಕದಲ್ಲಿ ಟು ಬಂದ್ರೆ ಎರಡು ಟಕಾರ ಸೇರಿ ಒಂದೇ ಆಗಿ ಹೋಗ್ತದೆ, ಕನ್ನಡದಲ್ಲಿ ದ ಅನ್ನೋ ಪದಕ್ಕೆ ಸಮ ಇರೋ ಪದವೇ ಇಲ್ಲ, ಹಂಗಾಗಿ ಕಿವಿ ಅದನ್ನ ಹುಡುಕೋದೇ ಇಲ್ಲ.

ಅದಕ್ಕೆ ಎಲ್ಲ ದಾರಿಗಳ ಮಧ್ಯೆ ನನ್ನ ಆಯ್ಕೆ ಉಕ್ತಲೇಖನ. ಶಾಲೆಯ ಉಕ್ತಲೇಖನ ಅಂದ್ರೆ ಮೇಷ್ಟ್ರು ಒಂದೊಂದೇ ಶಬ್ದ ಬಿಡಿಸಿ ಹೇಳೋದು, ಅದಲ್ಲ. ಸಹಜವಾಗಿ ಮಾತಾಡಿದ ಆಡಿಯೋ, ಬರೀ ಒಂದು ನಿಮಿಷದ್ದು. ಮೊದಲ ಸಲ ಸುಮ್ನೆ ಕೇಳೋದು, ಎಂತ ವಿಷಯ ಅಂತ ತಿಳಿಲಿಕ್ಕೆ. ಎರಡನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ ಬರೆಯೋದು, ತಿಳಿಯದ ಜಾಗದಲ್ಲಿ ಖಾಲಿ ಬಿಡದೆ ಕಿವಿಗೆ ಬಿದ್ದ ಹಾಗೆ ಕನ್ನಡ ಲಿಪಿಯಲ್ಲಾದ್ರೂ ಬರೆಯೋದು, ಇಲ್ಲಿ ನಮಗೆ ಲಿಪಿಯ ಅನುಕೂಲ ಇದೆ, ವಾಡ್ಯ ಅಂತ ಕೇಳಿದ್ದನ್ನ ವಾಡ್ಯ ಅಂತಲೇ ಬರಿಬಹುದು. ಮೂರನೇ ಸಲ ವ್ಯಾಕರಣ ಯೋಚನೆ ಮಾಡಿ ತಾನೇ ತಿದ್ದೋದು, ಇಲ್ಲಿ ನಿನ್ನೆಯ ಮಾತು ಬಂದಿದೆ, ಹಂಗಾದ್ರೆ ಡ್ ಇರ್ಲೇಬೇಕಲ್ಲ ಅಂತ. ಕೊನೆಗೆ ಬರಹ ತೆಗೆದು ಕೆಂಪು ಪೆನ್ನಲ್ಲಿ ಗುರುತು. ಗುರುತಲ್ಲಿ ಮೂರು ಜಾತಿ ಮಾಡಿ: ಶಬ್ದವೇ ಗೊತ್ತಿಲ್ಲ, ಶಬ್ದ ಗೊತ್ತಿತ್ತು ಆದ್ರೆ ನುಂಗಿದ್ರಿಂದ ಕೇಳ್ಲಿಲ್ಲ, ಸಣ್ಣ ಶಬ್ದ ಅಥವಾ ಬಾಲ ಬಿಟ್ಟು ಹೋಯ್ತು. ಎರಡು ವಾರಕ್ಕೆ ನಿಮ್ಮ ತಪ್ಪಿನ ಜಾತಕ ಕೈಯಲ್ಲಿ ಇರ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ಇದಕ್ಕೆ ಒಂದು ದೋಷ ಇದೆ, ಬೇಜಾರು ಬರ್ತದೆ. ಒಂದು ನಿಮಿಷದ ಆಡಿಯೋಗೆ ಇಪ್ಪತ್ತು ನಿಮಿಷ ಕೂರೋದು ಎಲ್ಲರಿಗೂ ಆಗೋದಿಲ್ಲ. ಹಂಗಾದವ್ರಿಗೆ ಇದರದ್ದೇ ತಂಗಿ ಡಿಕ್ಟೋಗ್ಲಾಸ್ ಅಂತ ಇದೆ: ಇಡೀ ತುಣುಕು ಎರಡು ಸಲ ಕೇಳೋದು, ಮುಖ್ಯ ಶಬ್ದ ಮಾತ್ರ ಬರ್ಕೊಳ್ಳೋದು, ಆಮೇಲೆ ಇಬ್ಬರು ಮೂವರು ಕೂತು ಆ ಶಬ್ದಗಳಿಂದ ಪೂರ್ತಿ ಬರಹ ಮತ್ತೆ ಕಟ್ಟೋದು, ಕೊನೆಗೆ ಮೂಲಕ್ಕೆ ಹೋಲಿಸೋದು. ಕಾಲೇಜಿನ ಗೆಳತಿಯರು ಇದ್ರೆ ಇದೇ ಒಳ್ಳೇದು, ಇಲ್ಲಿ ದ ಬೇಕಾ ಬೇಡ್ವಾ ಅಂತ ಜಗಳ ಆಡೋದ್ರಲ್ಲೇ ವ್ಯಾಕರಣ ತಲೆಗೆ ಹತ್ತುತ್ತದೆ. ಒಬ್ಬರೇ ಇದ್ರೆ ಉಕ್ತಲೇಖನ, ಗುಂಪು ಇದ್ರೆ ಇದು.

ಕ್ಲಾಸಾ, ಮನೆಯಲ್ಲೇನಾ

ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು, ಹೋಗಿ ಬರೋದ್ರಲ್ಲೇ ಐದಾರು ತಾಸು ಹೋಗ್ತದೆ. ವಾರಕ್ಕೆ ಎರಡು ದಿನ ಹೋದ್ರೆ ಬಸ್ಸಲ್ಲಿ ಕಳೆದ ಸಮಯ ಕ್ಲಾಸಲ್ಲಿ ಕಳೆದದ್ದಕ್ಕಿಂತ ಜಾಸ್ತಿ. ಕ್ಲಾಸಿಂದ ಸಿಗೋದು ಎರಡು, ಶಿಸ್ತು ಮತ್ತೆ ತಿದ್ದೋ ಮನುಷ್ಯ. ಶಿಸ್ತು ಮನೆಯಲ್ಲೇ ಇದೆ ಅನ್ನೋರಿಗೆ ಉಳಿದದ್ದು ತಿದ್ದೋದು ಮಾತ್ರ. ಅದಕ್ಕೆ ಸೇರೋ ಮುಂಚೆ ಒಂದೇ ಪ್ರಶ್ನೆ ಕೇಳಿ: ವಾರಕ್ಕೆ ನಾನು ಬರೆದ ಎಷ್ಟು ಪುಟ ನೀವು ತಿದ್ದಿ ಕೊಡ್ತೀರಿ? ಅರವತ್ತು ಜನರ ಬ್ಯಾಚಲ್ಲಿ ಬೋರ್ಡ್ ಮೇಲೆ ಟೆನ್ಸ್ ಬರೆಯೋ ಕ್ಲಾಸಾದ್ರೆ ಆ ದುಡ್ಡಿಗೆ ಒಳ್ಳೆ ಹೆಡ್‌ಫೋನ್ ತಗೊಳ್ಳಿ. ನಾನು ದುಡಿದ ಮೊದಲ ದುಡ್ಡಲ್ಲಿ ಸೇರಿದ ಕ್ಲಾಸಲ್ಲಿ ನಾಲ್ಕು ತಿಂಗಳಿಗೆ ನನ್ನ ಒಂದೇ ಒಂದು ಹಾಳೆಯನ್ನೂ ಯಾರೂ ನೋಡ್ಲಿಲ್ಲ, ಆ ಬೇಸರ ಇನ್ನೂ ಇದೆ. ಅದೇ ಹತ್ತು ಜನರ ಬ್ಯಾಚು, ಪ್ರತಿ ವಾರ ಹಾಳೆ ವಾಪಸ್ ಬರ್ತದೆ ಅಂದ್ರೆ ಖಂಡಿತ ಸೇರಿ, ಆನ್‌ಲೈನ್ ಆದ್ರೂ ಅಡ್ಡಿಲ್ಲ.

ಯಾತಕ್ಕೆ ಬೇಕು ಅನ್ನೋದರ ಮೇಲೂ ಆಯ್ಕೆ ಬದಲಾಗ್ತದೆ. ಹೊರದೇಶಕ್ಕೆ ಓದ್ಲಿಕ್ಕೆ ಅಥವಾ ನರ್ಸಿಂಗ್ ಕೆಲಸಕ್ಕೆ ಅಂತ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯೋರಿಗೆ ಲೆಕ್ಕವೇ ಬೇರೆ. ಲಿಸನಿಂಗ್‌ನಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಅರ್ಧ ತಾಸು, ಆಡಿಯೋ ಒಂದೇ ಸಲ ಹಾಕ್ತಾರೆ, ಬ್ರಿಟಿಷ್ ಆಸ್ಟ್ರೇಲಿಯನ್ ಅಮೆರಿಕನ್ ಎಲ್ಲ ಉಚ್ಚಾರನೂ ಬರಬಹುದು, ಸ್ಪೆಲಿಂಗ್ ತಪ್ಪಾದ್ರೆ ಕೇಳಿದ್ದು ಸರಿ ಇದ್ರೂ ಮಾರ್ಕ್ ಇಲ್ಲ. ರೈಟಿಂಗ್‌ನಲ್ಲಿ ಒಂದು ತಾಸಿಗೆ ಎರಡು ಬರಹ, ಮೊದಲನೇದು ಕಮ್ಮಿ ಅಂದ್ರೆ 150 ಶಬ್ದ, ಎರಡನೇದು 250, ಎರಡನೇದಕ್ಕೆ ಮಾರ್ಕ್ ದುಪ್ಪಟ್ಟು ತೂಕ. ಇವ್ರು ಮೊದ್ಲು ಎರಡು ತಿಂಗಳು ಉಕ್ತಲೇಖನ ಮಾಡಿ ಆಮೇಲೆ ಪರೀಕ್ಷೆಯ ಮಾದರಿ ಪೇಪರ್ ಹಿಡಿಬೇಕು, ಮೊದಲ ದಿನದಿಂದಲೇ ಪೇಪರ್ ಮೇಲೆ ಪೇಪರ್ ಬಿಡಿಸಿದ್ರೆ ಅದೇ ಅಂಕ ಮತ್ತೆ ಮತ್ತೆ ಬರ್ತದೆ. ಫೀಸು ಹದಿನೈದು ಸಾವಿರದ ಮೇಲಿದೆ, ನೋಡೋಣ ಅಂತ ಒಂದ್ಸಲ ಬರೆಯೋ ಪರೀಕ್ಷೆ ಅಲ್ಲ ಅದು. ಬರವಣಿಗೆಗೆ ಮಾತ್ರ ಈ ಹೊತ್ತಲ್ಲಿ ದುಡ್ಡು ಕೊಟ್ಟಾದ್ರೂ ಮನುಷ್ಯರ ಕೈಲಿ ನಾಲ್ಕೈದು ಪ್ರಬಂಧ ತಿದ್ದಿಸ್ಕೊಳ್ಳಿ.

ನಮ್ಮ ಕರಾವಳಿಯಿಂದ ಹಡಗಿನ ಕೆಲಸಕ್ಕೆ ಹೋಗೋ ಹುಡುಗರು ಇದ್ದಾರಲ್ಲ, ಅವ್ರು ಸಿನೆಮಾ ಇಂಗ್ಲಿಷ್ ಹಿಡ್ಕೊಂಡು ಕೂರೋದು ವ್ಯರ್ಥ. ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಹಡಗಿನ ಮಾತುಕತೆಗೆ ಅಂತಲೇ ಗೊತ್ತುಪಡಿಸಿದ ವಾಕ್ಯಗಳ ಪಟ್ಟಿ ಒಪ್ಪಿಕೊಂಡಿದೆ, ಎಸ್‌ಎಂಸಿಪಿ ಅಂತ ಕರೀತಾರೆ. ಕೇಳಿಸದಿದ್ರೆ ಸೇ ಅಗೈನ್ ಅನ್ನೋದು, ನಂಬರ್ ಹೇಳುವಾಗ ನೂರೈವತ್ತು ಅನ್ನದೆ ವನ್ ಫೈವ್ ಝೀರೋ ಅಂತ ಬಿಡಿಬಿಡಿ ಅಂಕೆ ಹೇಳೋದು, ಯಾಕಂದ್ರೆ ಫಿಫ್ಟೀನ್ ಫಿಫ್ಟಿ ಕಲಸಿ ಹೋದ್ರೆ ಸಮುದ್ರದಲ್ಲಿ ಜೀವದ ಪ್ರಶ್ನೆ. ಇವ್ರಿಗೆ ಆ ಪಟ್ಟಿಯ ಆಡಿಯೋ, ಅಂಕೆಗಳ ಉಕ್ತಲೇಖನ, ಲಾಗ್ ಪುಸ್ತಕದ ತರ ಎರಡು ಸಾಲು ಬರೆಯೋ ಅಭ್ಯಾಸ, ಇಷ್ಟು ಮಾಡಿದ್ರೆ ಸಾಕಷ್ಟು ದೂರ ಹೋಗ್ತಾರೆ. ಅಂಗಡಿ ಹೋಂಸ್ಟೇ ನಡೆಸೋರಿಗೆ ಮಾತೇ ಮುಖ್ಯ, ಬರವಣಿಗೆ ಅಂದ್ರೆ ಬುಕಿಂಗ್ ಮೆಸೇಜಿಗೆ ಉತ್ತರ, ಹತ್ತು ಒಳ್ಳೆ ಉತ್ತರ ಒಂದ್ಸಲ ತಿದ್ದಿಸಿ ಇಟ್ಕೊಂಡ್ರೆ ಆಯ್ತು.

ಪಕ್ಕದ ಮನೆ ಹುಡುಗಿದ್ದು ಪರೀಕ್ಷೆ ಮಾಡಿ ನೋಡಿದ್ವಿ, ಬರಹ ಪೂರ್ತಿ ಅರ್ಥ ಆಯ್ತು, ಆಡಿಯೋ ಕಾಲುಭಾಗ. ಕಿವಿದೇ ತೊಂದ್ರೆ. ಹುಬ್ಬಳ್ಳಿ ಬೇಡ, ಆ್ಯಪಿಗೆ ದುಡ್ಡೂ ಬೇಡ, ಬಿಬಿಸಿಯ ಆರು ನಿಮಿಷದಿಂದ ದಿನಕ್ಕೆ ಒಂದು ನಿಮಿಷ ಉಕ್ತಲೇಖನ, ಭಾನುವಾರ ಆ ವಾರದ ವಿಷಯದ ಮೇಲೆ ಅರ್ಧ ಪುಟ ತನ್ನದೇ ಬರಹ, ಅದನ್ನ ಸಾಲಿನ ನಂಬರ್ ಕೇಳೋ ರೀತಿಯಲ್ಲಿ ತಿದ್ದಿಸೋದು ಅಂತ ಮಾಡಿದ್ದೇವೆ. ಅವಳ ಅಜ್ಜನ ಮನೆ ಕುಮಟಾ, ದೇವಿಮನೆ ಘಾಟಿ ಇಳಿಯುವಾಗ ನೆಟ್‌ವರ್ಕ್ ಹೋಗ್ತದೆ, ಮಳೆಗಾಲದಲ್ಲಿ ಮನೆಯಲ್ಲೂ ಕರೆಂಟ್ ದಿನಗಟ್ಟಲೆ ಇರೋದಿಲ್ಲ, ಅದಕ್ಕೆ ಜೂನ್ ಬರೋದ್ರೊಳಗೆ ಮೂವತ್ತು ಆಡಿಯೋ ಮೊಬೈಲಿಗೆ ಇಳಿಸಿ, ಬರಹವನ್ನ ಶಿರಸಿ ಪೇಟೆಯಲ್ಲಿ ಪ್ರಿಂಟ್ ತೆಗೆಸಿ ದಾರ ಹಾಕಿ ಹೊಲಿದು ಇಟ್ಟಿದ್ದೇವೆ. ಪ್ರಿಂಟ್ ಮಾತ್ರ ನನ್ನ ಹತ್ರ ಇದೆ, ಬರೆದು ಮುಗಿಸಿದ ಮೇಲೆ ಬಂದು ಕೇಳಿದ್ರೆ ಆ ದಿನದ ಹಾಳೆ ಕೊಡ್ತೇನೆ.